ಫುಲ್ ಸ್ಕ್ರೀನ್ ಹಿಂದೆ ಸಿಕ್ಕಾಕೊಂಡ ಡೈಲಾಗ್ ಬಾಕ್ಸು

ಫುಲ್ ಸ್ಕ್ರೀನ್ ಪ್ರೋಗ್ರಾಂ ಬರೆಯೋ ಸುಮಾರು ಜನಕ್ಕೆ ಒಂದು ಚಟ ಇದೆ, ಮೇನ್ ವಿಂಡೋಗೆ ಟಾಪ್‌ಮೋಸ್ಟ್ ಫ್ಲ್ಯಾಗ್, ಅಂದ್ರೆ ಬೇರೆ ವಿಂಡೋಗಳಿಗಿಂತ ಮೇಲೇ ಇರು ಅನ್ನೋ ಗುರುತು, ಹಾಕಿ ಕೈತೊಳ್ಕೊಳ್ಳೋದು. ಟಾಸ್ಕ್‌ಬಾರ್ ಕಾಣಬಾರ್ದು, ಬೇರೇನೂ ಅಡ್ಡ ಬರಬಾರ್ದು, ಅಷ್ಟೇ ತಾನೇ ಅಂತ.

ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ತೂಕದ ಪ್ರೋಗ್ರಾಂ ಈಗ ನಾನು ನೋಡ್ಕೊಳ್ತಾ ಇದೀನಿ, ಬರೆದೋರು ಯಾವತ್ತೋ ಊರು ಬಿಟ್ಟು ಹೋಗಿದಾರೆ. ಒಂದು ಪಿಸಿ, ಎರಡು ಸ್ಕ್ರೀನು. ಒಂದು ಆಪರೇಟರ್ ಮುಂದೆ, ಇನ್ನೊಂದು ಗೋಡೆ ಮೇಲಿನ ಟಿವಿ, ತೋಟದೋರು ತಂದ ಮಾಲು ಎಷ್ಟು ತೂಗ್ತು ಅಂತ ಅವರೇ ನೋಡ್ಕೊಳ್ಲಿ ಅಂತ. ಅರೇಬಿಕಾ ಮುಗೀತಾ ಬಂದು ರೋಬಸ್ಟಾ ಶುರುವಾಗೋ ಹೊತ್ತಿಗೆ ಗೇಟ್ ಹೊರಗೆ ಲಾರಿ, ಪಿಕಪ್ಪು ಸಾಲಾಗಿ ನಿಂತಿರ್ತವೆ, ಸರಿಯಾಗಿ ಆವಾಗ್ಲೇ ಫೋನು. "ಸಾರ್, ಮತ್ತೆ ಹ್ಯಾಂಗ್ ಆಗೋಯ್ತು, ಆಫ್ ಮಾಡಿ ಆನ್ ಮಾಡ್ಲಾ?"

ಹ್ಯಾಂಗೂ ಇಲ್ಲ ಏನೂ ಇಲ್ಲ. ಪ್ರಿಂಟರಲ್ಲಿ ಪೇಪರ್ ಖಾಲಿ, ಪ್ರಿಂಟರ್ ನಡೆಸೋ ಡ್ರೈವರ್ ಸಾಫ್ಟ್‌ವೇರು ಒಂದು ಡೈಲಾಗ್ ಬಾಕ್ಸ್, ಅಂದ್ರೆ ಓಕೆ ಕೇಳೋ ಚಿಕ್ಕ ವಿಂಡೋ, ಎಬ್ಬಿಸಿದೆ, ಅದು ಫುಲ್ ಸ್ಕ್ರೀನ್ ವಿಂಡೋ ಹಿಂದೆ ಕೂತಿದೆ, ಯಾರಾದ್ರೂ ಓಕೆ ಒತ್ತೋವರೆಗೂ ಚೀಟಿ ಬರಲ್ಲ, ಚೀಟಿ ಬರದೆ ಮುಂದಿನ ತೂಕ ಇಲ್ಲ. ಮಜಾ ಏನಂದ್ರೆ ಆಲ್ಟ್ ಟ್ಯಾಬ್ ಒತ್ತಿ ಆ ಬಾಕ್ಸನ್ನ ಆರಿಸಿದ್ರೂ ಕಣ್ಣಿಗೆ ಬೀಳಲ್ಲ. ಯಾಕಂದ್ರೆ ವಿಂಡೋಸಲ್ಲಿ ಎರಡು ಅಟ್ಟ ಇದ್ದಂಗೆ, ಟಾಪ್‌ಮೋಸ್ಟ್ ಫ್ಲ್ಯಾಗ್ ಇರೋವೆಲ್ಲ ಮೇಲಿನ ಅಟ್ಟದಲ್ಲಿ, ಮಿಕ್ಕಿದ್ದೆಲ್ಲ ಕೆಳಗೆ, ಕೆಳಗಿನದಕ್ಕೆ ಫೋಕಸ್, ಅಂದ್ರೆ ಕೀಬೋರ್ಡಿನ ಹಿಡಿತ, ಸಿಕ್ಕಿದ್ರೂ ಅದು ಮೇಲಿನದನ್ನ ದಾಟಲ್ಲ. ಸರಿ ಡೈಲಾಗ್‌ಗೂ ಟಾಪ್‌ಮೋಸ್ಟ್ ಹಾಕೋಣ ಅಂದ್ರೆ, ಎರಡೂ ಒಂದೇ ಅಟ್ಟಕ್ಕೆ ಬಂದು ಮತ್ತೆ ಅದೇ ಜಗಳ, ಕೊನೆಗೆ ಯಾವುದನ್ನ ಕ್ಲಿಕ್ ಮಾಡಿದ್ರೋ ಅದು ಮುಂದೆ. ಜೊತೆಗೆ ಡ್ರೈವರ್ ಎಬ್ಬಿಸೋ ಬಾಕ್ಸು ಬೇರೆಯವರದ್ದು, ಅದಕ್ಕೆ ಫ್ಲ್ಯಾಗ್ ಹಾಕೋಕೆ ನಾವ್ಯಾರು.

ಅಸಲಿಗೆ ಫುಲ್ ಸ್ಕ್ರೀನ್‌ಗೆ ಟಾಪ್‌ಮೋಸ್ಟ್ ಬೇಕೇ ಇಲ್ಲ ಕಣ್ರೀ. ಬಾರ್ಡರ್ ಇಲ್ಲದ ವಿಂಡೋ ಮಾಡಿ ಅದನ್ನ ಮಾನಿಟರಿನ ಪೂರ್ತಿ ಅಳತೆಗೆ ಸರಿಯಾಗಿ ಹಾಸಿದ್ರೆ, ಅದು ಮುಂದೆ ಇರೋವಾಗ ವಿಂಡೋಸೇ ಟಾಸ್ಕ್‌ಬಾರನ್ನ ಹಿಂದಕ್ಕೆ ತಳ್ಳುತ್ತೆ, ಡ್ರೈವರ್ ಬಾಕ್ಸನ್ನ ಆಲ್ಟ್ ಟ್ಯಾಬಲ್ಲಿ ಆರಿಸಿದ್ರೆ ಅದೂ ಮುಂದೆ ಬರುತ್ತೆ. ಪೂರ್ತಿ ಅಳತೆ ಅಂದ್ರೆ ಟಾಸ್ಕ್‌ಬಾರ್ ಜಾಗಾನೂ ಸೇರಿಸಿ, ವರ್ಕ್ ಏರಿಯಾ ಅಂತ ಇನ್ನೊಂದು ಅಳತೆ ಸಿಗುತ್ತಲ್ಲ ಅದಲ್ಲ. ಗೇಮ್‌ಗಳು ಇಡೀ ಸ್ಕ್ರೀನನ್ನ ತಮ್ಮ ವಶಕ್ಕೆ ತಗೊಳ್ಳೋ ಎಕ್ಸ್‌ಕ್ಲೂಸಿವ್ ಫುಲ್ ಸ್ಕ್ರೀನ್ ಕಥೆ ಬೇರೆ, ತೂಕದ ಪ್ರೋಗ್ರಾಂಗೆ ಅದರ ಗೊಡವೆ ಬೇಡ.

ಇನ್ನು ನಮ್ಮದೇ ಡೈಲಾಗ್‌ಗಳು, "ಲಾರಿ ನಂಬರ್ ಹಾಕಿಲ್ಲ" ಅನ್ನೋ ಥರದವು. ಇವಕ್ಕೆ ಓನರ್ ವಿಂಡೋ ಯಾವುದು ಅಂತ ಹೇಳಿದ್ರೆ ಮುಗೀತು. ಓನರ್ ಇರೋ ವಿಂಡೋ ಯಾವಾಗ್ಲೂ ಓನರ್‌ಗಿಂತ ಮೇಲೇ ಇರುತ್ತೆ, ಓನರ್ ಮಿನಿಮೈಸ್ ಆದ್ರೆ ತಾನೂ ಮರೆಯಾಗುತ್ತೆ, ಓನರ್ ಮುಚ್ಚಿದ್ರೆ ತಾನೂ ಹೋಗುತ್ತೆ. ಪೈಥಾನ್ ಭಾಷೇಲಿ ವಿಂಡೋ ಮಾಡೋ ಟಿಕಿಂಟರ್ ಲೈಬ್ರರಿಯಲ್ಲಾದ್ರೆ ಟ್ರಾನ್ಸಿಯಂಟ್ ಅಂತ ಒಂದೇ ಸಾಲು. ಹಳೇ ಕೋಡಲ್ಲಿ ಎಲ್ಲೂ ಓನರ್ ಕೊಟ್ಟೇ ಇರ್ಲಿಲ್ಲ, ಬದಲಿಗೆ ಟೈಮರ್ ಇಟ್ಟು ಆಗಾಗ ವಿಂಡೋನ ಮುಂದಕ್ಕೆ ಎಳೀತಾ ಇದ್ರು. ಟೈಮರ್ ಇಟ್ಟು ಮುಂದಕ್ಕೆ ಎಳೆಯೋದು ಪ್ರೋಗ್ರಾಮಿಂಗ್ ಅಲ್ಲ, ಹಠ. ಹಿನ್ನೆಲೆಯಲ್ಲಿರೋ ಪ್ರೋಗ್ರಾಂ ತಾನಾಗೇ ಮುಂದೆ ಬರೋಕೆ ನೋಡಿದ್ರೆ ವಿಂಡೋಸ್ ಸಾಮಾನ್ಯವಾಗಿ ಬಿಡಲ್ಲ, ಟಾಸ್ಕ್‌ಬಾರಲ್ಲಿ ಅದರ ಬಟನ್ ಮಿನುಗಿಸುತ್ತೆ ಅಷ್ಟೇ, ಫುಲ್ ಸ್ಕ್ರೀನಲ್ಲಿ ಟಾಸ್ಕ್‌ಬಾರೇ ಕಾಣಲ್ವಲ್ಲ, ಯಾರಿಗೆ ಮಿನುಗೋದು!

ಟಿವಿದು ಇನ್ನೊಂದು ತಲೆನೋವು. ಅದನ್ನ ಸೆಟ್ಟಿಂಗ್ಸಲ್ಲಿ ಮೇನ್ ಮಾನಿಟರಿನ ಎಡಕ್ಕೆ ಇಟ್ಟಿದ್ರು, ಎಡಕ್ಕೆ ಇಟ್ರೆ ಅದರ ಎಕ್ಸ್, ಅಂದ್ರೆ ಅಡ್ಡಡ್ಡ ಜಾಗದ ಲೆಕ್ಕ, ಮೈನಸಲ್ಲಿ ಶುರು, ಅಂದ್ರೆ -1920 ಇಂದ 0 ವರೆಗೆ. ಹಳೇ ಕೋಡಲ್ಲಿ ಆ -1920 ಅನ್ನ ಹಂಗೇ ಬರೆದಿಟ್ಟಿದ್ರು. ನಮ್ಮೂರಲ್ಲಿ ಕರೆಂಟ್ ಹೋಗೋದು ಗೊತ್ತಲ್ಲ, ಪಿಸಿಗೆ ಯುಪಿಎಸ್ ಇದೆ, ಟಿವಿಗಿಲ್ಲ. ಟಿವಿ ಆಫ್ ಆಗಿರೋವಾಗ ಪ್ರೋಗ್ರಾಂ ಶುರು ಮಾಡಿದ್ರೆ ವಿಂಡೋ ಇಲ್ಲದ ಸ್ಕ್ರೀನಿಗೆ ಹೋಗಿ ಕೂರುತ್ತೆ. ಆಪರೇಟರ್‌ಗೆ ವಿಂಡೋಸ್ ಕೀ, ಶಿಫ್ಟ್, ಬಾಣದ ಕೀ ಮೂರೂ ಒಟ್ಟಿಗೆ ಒತ್ತಿದ್ರೆ ವಿಂಡೋ ಇನ್ನೊಂದು ಮಾನಿಟರ್‌ಗೆ ಬರುತ್ತೆ ಅಂತ ಹೇಳಿಕೊಟ್ಟಿದೀನಿ, ಆದ್ರೂ ಕೋಡಲ್ಲೇ ಸರಿ ಮಾಡ್ಬೇಕಿತ್ತು. ಈಗ ಪ್ರತಿ ಸಲ ಶುರುವಾಗೋವಾಗ ಯಾವ್ಯಾವ ಮಾನಿಟರ್ ಇದೆ ಅಂತ ಕೇಳಿ ಜಾಗ ಹುಡುಕುತ್ತೆ, ಟಿವಿ ಬಂದ್ರೂ ಹೋದ್ರೂ ವಿಂಡೋಸ್ ಕಳಿಸೋ ಡಿಸ್‌ಪ್ಲೇ ಚೇಂಜ್ ಮೆಸೇಜ್ ನೋಡಿ ಮತ್ತೆ ಹುಡುಕುತ್ತೆ. ಅಕ್ಷರ, ಬಟನ್ನು ದೊಡ್ಡದಾಗಿ ಕಾಣೋಕೆ ಸ್ಕೇಲಿಂಗ್ 125% ಇಟ್ಟಿದ್ರೆ ಅದೂ ಒಂದು ಗುದ್ದು, ಈ ಸ್ಕೇಲಿಂಗ್ (ಡಿಪಿಐ) ಬಗ್ಗೆ ತಿಳೀದ ಪ್ರೋಗ್ರಾಂಗೆ 1920×1080 ಸ್ಕ್ರೀನು 1536×864 ಅಂತ ಕಾಣುತ್ತೆ.

ಮೊನ್ನೆ ಯಜಮಾನರು "ಮುಂದಿನ ಪಿಸಿಗೆ ಉಬುಂಟು ಹಾಕೋಣ, ಲೈಸೆನ್ಸ್ ಖರ್ಚು ಉಳಿಯುತ್ತೆ" ಅಂದ್ರು. ಅಲ್ಲಿ ವಿಂಡೋಗಳನ್ನ ಸ್ಕ್ರೀನಿಗೆ ತರೋ ವ್ಯವಸ್ಥೆ ವೇಲ್ಯಾಂಡ್, ಅದರಲ್ಲಿ ಪ್ರೋಗ್ರಾಂ ತನ್ನ ಮೇನ್ ವಿಂಡೋ ಸ್ಕ್ರೀನಲ್ಲಿ ಎಲ್ಲಿರ್ಬೇಕು ಅಂತ ತಾನೇ ನಿರ್ಧರಿಸೋ ಹಾಗಿಲ್ಲ, ಎಕ್ಸ್ ವೈ ಲೆಕ್ಕ ಎಲ್ಲ ವ್ಯರ್ಥ. ಟಾಪ್‌ಮೋಸ್ಟ್ ಕೇಳೋಕೂ ಮಾಮೂಲಿ ದಾರಿ ಇಲ್ಲ. ಯಾವ ಸ್ಕ್ರೀನಲ್ಲಿ ಫುಲ್ ಸ್ಕ್ರೀನ್ ಆಗ್ಬೇಕು ಅಂತ ಕೇಳಬಹುದು, ಡೈಲಾಗ್‌ಗೆ ಪೇರೆಂಟ್ ಯಾರು ಅಂತ ಹೇಳಬಹುದು. ನಮಗೆ ಬೇಕಾಗಿರೋದು ಅವೆರಡೇ, ಹಾಗಾಗಿ ಆಯ್ತು ಹಾಕೋಣ ಅಂದಿದೀನಿ, ರೋಬಸ್ಟಾ ಸೀಸನ್ ಮುಗೀಲಿ.