ಹನ್ನೊಂದು ಸ್ಕ್ರೂ ಬಿಚ್ಚಿದ ಭಾನುವಾರ

ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿನ ಪಿಕ್‌ಗಾರ್ಡ್, ಅಂದರೆ ಮುಂಭಾಗದ ಪ್ಲಾಸ್ಟಿಕ್ ಹಲಗೆ, ಬಿಚ್ಚಬೇಕಾದರೆ ಸಾಮಾನ್ಯವಾಗಿ ಹನ್ನೊಂದು ಸ್ಕ್ರೂ ತೆಗೆಯಬೇಕು. ಒಂದನ್ನೂ ಮುಟ್ಟುವ ಮೊದಲೇ ಒಳಗಿನ ಸಂಗತಿ ಅರ್ಧ ಗೊತ್ತಾಗುತ್ತದೆ. ಕೇಬಲ್ಲಿನ ಒಂದು ತುದಿ ಗಿಟಾರಿಗೆ ಹಾಕಿ, ಇನ್ನೊಂದು ತುದಿಯ ಟಿಪ್ಪಿಗೂ (ಮೊನೆ) ಸ್ಲೀವಿಗೂ (ಅದರ ಹಿಂದಿನ ಲೋಹದ ಕೊಳವೆ) ಮಲ್ಟಿಮೀಟರ್ ಹಿಡಿದು, ವಾಲ್ಯೂಮ್ ಪೂರ್ತಿ ತೆರೆದು, 20ಕೆ (ಕಿಲೋ ಓಮ್) ರೇಂಜಿನಲ್ಲಿ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಆರಿಸುವ ಸ್ವಿಚ್ಚಿನ ಐದೂ ಸ್ಥಾನ ಓದಿದರೆ ಸಾಕು. ಆ ಬೆಳಿಗ್ಗೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಕಡೆಯಿಂದ ಸಾಲಾಗಿ ಬಂದದ್ದು ಹೀಗೆ: 6.30, 6.30, ಮೂರನೆಯದಕ್ಕೆ ಪರದೆಯ ಎಡಮೂಲೆಯಲ್ಲಿ ಬರೀ ‘1’ (ರೇಂಜು ಮೀರಿದೆ ಅಂತ), ಆಮೇಲೆ 5.70, 5.70.

ಮೂರು ಪಿಕಪ್ಪುಗಳಲ್ಲಿ ಒಂದು, ಮೂರು, ಐದನೇ ಸ್ಥಾನಕ್ಕೆ ಒಂದೊಂದೇ; ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಪಕ್ಕಪಕ್ಕದ ಎರಡೆರಡು ಪಿಕಪ್ ಪ್ಯಾರಲಲ್ ಆಗಿ ಸೇರುತ್ತವೆ, ಹಾಗಾಗಿ ಅಲ್ಲಿ ಮೂರು ಕಿಲೋ ಓಮ್ ಆಸುಪಾಸು ಬರಬೇಕಿತ್ತು. ಪಕ್ಕದ ಪಿಕಪ್ಪಿನ ಅಂಕಿಯೇ ಮತ್ತೆ ಬಂದಿದೆ ಅಂದರೆ ನಡುವಿನ ಪಿಕಪ್ ಇದ್ದೂ ಇಲ್ಲದ ಹಾಗೆ. ಮೀಟರನ್ನು 2000ಕೆಗೆ ತಿರುಗಿಸಿ ಮೂರನೇ ಸ್ಥಾನ ಓದಿದರೆ 480. ಇದು ಪಿಕಪ್ಪಿನದಲ್ಲ, ವಾಲ್ಯೂಮ್ ಪಾಟಿನದು (ನಾಬಿನ ಕೆಳಗಿನ ಪೊಟೆನ್ಶಿಯೋಮೀಟರ್, ತಿರುಗಿಸಿ ಬದಲಿಸುವ ರೆಸಿಸ್ಟರ್). ಪಿಕಪ್ಪಿನೊಳಗಿನ ತಂತುಸುತ್ತು, ಅಂದರೆ ಕಾಯಿಲ್, ತುಂಡಾಗಿದ್ದರೆ ಮೀಟರಿಗೆ ಕಾಣುವುದು ಪಾಟ್ ಒಂದೇ. ಅಂದರೆ ನಡುವಿನ ಕಾಯಿಲ್ ಸತ್ತಿದೆ, ಜೊತೆಗೆ ಸಿಂಗಲ್ ಕಾಯಿಲ್ ಗಿಟಾರಿಗೆ ಯಾರೋ 500ಕೆ ಪಾಟ್ ಹಾಕಿದ್ದಾರೆ. ಟ್ರೆಬಲ್ ಕಿವಿಗೆ ಚುಚ್ಚುತ್ತಿದ್ದದ್ದು ಯಾಕೆ ಅನ್ನುವುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಪ್ರತಿ ಪಿಕಪ್ಪಿಗೂ ಒಂದು ರೆಸೊನೆನ್ಸ್ ಶಿಖರ (ಸದ್ದು ಅತಿ ಜೋರಾಗುವ ಆವರ್ತನ) ಇರುತ್ತದೆ, ಅದರ ಮೊನೆಯನ್ನು ಪಾಟಿನ ಲೋಡು ಮೊಂಡು ಮಾಡುತ್ತದೆ, ಪಾಟಿನ ಅಂಕಿ ಇಳಿದಷ್ಟೂ ಹೆಚ್ಚು. ಸಿಂಗಲ್ ಕಾಯಿಲ್‌ಗೆ 250ಕೆ, ಗುಂಯ್ ಸದ್ದು ಅಡಗಿಸಲು ಎರಡು ಕಾಯಿಲಿರುವ ಹಂಬಕ್ಕರ್‌ಗೆ 500ಕೆ ಅನ್ನುವ ರೂಢಿ ಬಂದಿರುವುದು ಇದಕ್ಕೇ.

ಬಿಚ್ಚಿ ನೋಡಿದರೆ ಕಾಯಿಲಿನ ಒಳತುದಿ ಬಾಬಿನ್ನಿನ ಬುಡದಲ್ಲೇ ಹಸಿರುಗಟ್ಟಿ ಕತ್ತರಿಸಿಹೋಗಿತ್ತು. ಈ ತಂತು ಹೆಚ್ಚಾಗಿ 42 ಗೇಜಿನದು, ದಪ್ಪ ಸುಮಾರು 0.063 ಮಿ.ಮೀ., ಸುತ್ತು ಏಳೆಂಟು ಸಾವಿರ. ಹೊರತುದಿ ಕಿತ್ತಿದ್ದರೆ ಒಂದು ಸುತ್ತು ಬಿಡಿಸಿ, ಎನಾಮಲ್ ಕೆರೆದು, ಮತ್ತೆ ಬೆಸೆದು ಬದುಕಿಸಬಹುದು. ಒಳತುದಿ ಹೋದರೆ ಪೂರ್ತಿ ಹೊಸದಾಗಿ ಸುತ್ತಬೇಕು. ಹೊಸ ಪಿಕಪ್ ಹಾಕುವುದೇ ವಾಸಿ, ನಾನೂ ಬೇರೆ ಕಂಪನಿಯದೊಂದನ್ನು ಹಾಕಿದೆ.

ಕೆಪಾಸಿಟರ್, ವೈರ್, ಹೀಟ್‌ಶ್ರಿಂಕ್, ಸೋಲ್ಡರ್ ಲೆಡ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ಅಲ್ಲಿ ‘250ಕೆ ಪಾಟ್’ ಅಂತ ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಬಿ ಗುರುತಿನ ಲೀನಿಯರ್ (ಒಂದೇ ಸಮನೆ ಬದಲಾಗುವಂಥದು). ವಾಲ್ಯೂಮಿಗೆ ಅದನ್ನು ಹಾಕಿದರೆ ಹತ್ತರಿಂದ ಮೂರರವರೆಗೆ ಇಳಿಸಿದರೂ ಅಷ್ಟಾಗಿ ಏನೂ ಆದ ಹಾಗಿರುವುದಿಲ್ಲ, ಆಮೇಲೆ ಒಮ್ಮೆಗೇ ಧಡಕ್ಕನೆ ಇಳಿಯುತ್ತದೆ. ನಮಗೆ ಬೇಕಾದ್ದು ಎ250ಕೆ, ಅಂದರೆ ಕಿವಿಗೆ ಸಮನಾಗಿ ಇಳಿದಂತೆ ಕೇಳುವ ಆಡಿಯೋ ಟೇಪರ್. ಆನ್‌ಲೈನಿನಲ್ಲಿ ತರಿಸಿಟ್ಟಿದ್ದ ಮೂರು ಸಿ.ಟಿ.ಎಸ್. ಕಂಪನಿಯ ಪಾಟುಗಳನ್ನು ಅಳೆದರೆ 231, 247, 268. ಶೇಕಡಾ 20 ಆಚೀಚೆ ಇರುವುದು ಪಾಟುಗಳಲ್ಲಿ ಮಾಮೂಲು, ತಪ್ಪು ಅನ್ನುವ ಹಾಗಿಲ್ಲ. ದೊಡ್ಡ ಅಂಕಿಯದನ್ನು ವಾಲ್ಯೂಮಿಗೆ ಇಟ್ಟುಕೊಂಡೆ, ಉಳಿದೆರಡು ಟೋನಿಗೆ.

ಟ್ರೆಬಲ್ ಇಳಿಸುವ ಟೋನ್ ಕೆಪಾಸಿಟರ್ ಬಗ್ಗೆ ಗಿಟಾರ್ ಲೋಕದಲ್ಲಿ ಇರುವಷ್ಟು ಮಡಿ ಮೈಲಿಗೆ ಇನ್ನಾವುದಕ್ಕೂ ಇಲ್ಲ. ಪಿಕಪ್ಪಿನಿಂದ ಬರುವುದು ಒಂದು ವೋಲ್ಟಿನ ಆಸುಪಾಸು, ಆದ್ದರಿಂದ 400 ವೋಲ್ಟಿನ ಕಿತ್ತಳೆ ಬಣ್ಣದ ದಪ್ಪ ಕೆಪಾಸಿಟರಿಗೂ 50 ವೋಲ್ಟಿನ ಪಾಲಿಯೆಸ್ಟರಿಗೂ ಬೆಲೆ ಒಂದೇ ಇದ್ದರೆ ಕೆಲಸವೂ ಒಂದೇ. ಬೆಲೆ ಅಂದರೆ ರೂಪಾಯಿ ಅಲ್ಲ, ಮೈಕ್ರೋಫ್ಯಾರಡ್. ಮೈಮೇಲೆ 223 ಅಂತಿದ್ದರೆ 0.022, 473 ಅಂದರೆ 0.047, 104 ಅಂದರೆ 0.1. ನಾನು 223 ಹಾಕಿದೆ, ಟೋನ್ ಪೂರ್ತಿ ಇಳಿಸಿದರೂ ಕಂಬಳಿ ಹೊದಿಸಿದಂತೆ ಮಂಕಾಗುವುದಿಲ್ಲ.

ಮೆಕ್ಯಾನಿಕಲ್ ಕೆಲಸ ಅಂದರೆ ತೂತು. ಏಷ್ಯಾದ ಅಗ್ಗದ ಗಿಟಾರುಗಳಲ್ಲಿ ಪಾಟಿನ ತೂತು 8 ಮಿ.ಮೀ. ಆಸುಪಾಸು, ಸಿ.ಟಿ.ಎಸ್. ಪಾಟಿನ ಕುತ್ತಿಗೆಗೆ 9.5 ಬೇಕು. ಪ್ಲಾಸ್ಟಿಕ್ ಪಿಕ್‌ಗಾರ್ಡ್ ಆದ್ದರಿಂದ ಕೈರೀಮರಿನಲ್ಲಿ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಕೊರೆದೆ. ಡ್ರಿಲ್ ಮೆಷೀನ್ ಇಟ್ಟರೆ ಅದರ ಕೊರೆಯುವ ಮೊನೆ ಕಚ್ಚಿಕೊಂಡು ಅಂಚು ಸೀಳುತ್ತದೆ. ಹಳೇ ನಾಬುಗಳೂ ಕೂರಲಿಲ್ಲ. ಅವುಗಳೊಳಗೆ 18 ಹಲ್ಲು, ಈ ಪಾಟಿನ ದಂಡಕ್ಕೆ 24. ಒತ್ತಿ ಕೂರಿಸಿದರೆ ನಾಬು ಬಿರುಕು ಬಿಡುತ್ತದೆ. ಬಾಡಿಯೊಳಗಿನ ಗುಂಡಿಯ ಆಳವನ್ನೂ ಮೊದಲೇ ಅಳೆದಿರಬೇಕು, ತೆಳು ಬಾಡಿಯಲ್ಲಿ ದೊಡ್ಡ ಪಾಟಿನ ಬೆನ್ನು ತಳಕ್ಕೆ ತಾಗುತ್ತದೆ.

ಸೋಲ್ಡರಿಂಗ್ ಐರನ್ ಬಿಸಿ ಮಾಡಿದ್ದು ಹನ್ನೊಂದೂವರೆಗೆ. ಪಾಟಿನ ಬೆನ್ನಿಗೆ ಗ್ರೌಂಡ್ ವೈರು (ಸಿಗ್ನಲಿನ ಮರುದಾರಿ) ಬೆಸೆಯಲು 25 ವಾಟಿನ ಐರನ್ ಸಾಲದು. ಲೋಹದ ಚಿಪ್ಪು ಶಾಖವನ್ನೆಲ್ಲ ಹೀರಿಕೊಂಡು, ಲೆಡ್ ಗೋಲಿಯಂತೆ ಮೇಲೆ ಕೂರುತ್ತದೆ, ಬೆರಳಿನಲ್ಲಿ ತಟ್ಟಿದರೆ ಉದುರುತ್ತದೆ. ಹೆದರಿಕೊಂಡು ಹದಿನೈದು ಸೆಕೆಂಡು ಐರನ್ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಕೆಟ್ಟು, ತಿರುಗಿಸಿದಾಗಲೆಲ್ಲ ಕರಕರ. 60 ವಾಟು, ಉಳಿಯಂತಹ ಚಪ್ಪಟೆ ತುದಿ, 60/40 (ತವರ, ಸೀಸ) ಲೆಡ್ ಇರಲಿ. ಚಿಪ್ಪನ್ನು ಮರಳು ಕಾಗದದಲ್ಲಿ ಉಜ್ಜಿ, ಮೊದಲು ಅಲ್ಲಿ ಬರೀ ಲೆಡ್ಡಿನ ಒಂದು ಹೊಳೆಯುವ ಮಚ್ಚೆ ಮಾಡಿಕೊಂಡು, ವೈರಿನ ತುದಿಗೂ ಲೆಡ್ ಹಿಡಿಸಿ, ಆಮೇಲೆ ಎರಡನ್ನೂ ಕೂಡಿಸಿದರೆ ಮೂರು ಸೆಕೆಂಡಿನ ಕೆಲಸ. ನಲ್ಲಿ ಪೈಪಿಗೆ ಹಚ್ಚುವ ಆಸಿಡ್ ಫ್ಲಕ್ಸ್ ಮಾತ್ರ ಹತ್ತಿರ ಸುಳಿಯಬಾರದು, ಅದು ವರ್ಷದೊಳಗೆ ಜಾಯಿಂಟು ತಿನ್ನುತ್ತದೆ.

ವಾಲ್ಯೂಮ್ ಪಾಟಿನ ಮೂರು ಕಾಲುಗಳಲ್ಲಿ ಎಡ ಯಾವುದು ಬಲ ಯಾವುದು ಅಂತ ಚಿತ್ರ ನೋಡಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಾಟನ್ನು ಪೂರ್ತಿ ಹತ್ತಕ್ಕೆ ತಿರುಗಿಸಿ ಮೀಟರ್ ಹಿಡಿಯಿರಿ. ನಡುಗಾಲಿನ ಜೊತೆ ಸೊನ್ನೆ ತೋರಿಸುವ ಕಾಲಿಗೆ ಸ್ವಿಚ್ಚಿನಿಂದ ಬರುವ ವೈರು, ನಡುಗಾಲಿನಿಂದ ಜ್ಯಾಕಿನ ಟಿಪ್ಪಿಗೆ, ಉಳಿದದ್ದು ಚಿಪ್ಪಿಗೆ ಬಗ್ಗಿಸಿ ಗ್ರೌಂಡ್. ಒಂದೇ ಸಾಲಿನಲ್ಲಿ ಎಂಟು ಕಾಲಿರುವ ಡಬ್ಬಿ ಸ್ವಿಚ್ಚಿಗೂ ಇದೇ ಮದ್ದು. ಕಂಪನಿಗೊಂದು ಜೋಡಣೆ ಇರುವುದರಿಂದ ಮೀಟರಿನ ಬೀಪ್ ಕೇಳಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಹಳೇ ಪದ್ಧತಿಯ ಸ್ಟ್ರ್ಯಾಟ್ ವೈರಿಂಗಿನಲ್ಲಿ ಬ್ರಿಡ್ಜ್ ಪಿಕಪ್ಪಿಗೆ ಟೋನ್ ಇರುವುದಿಲ್ಲ, ಅದಕ್ಕೇ ಅದು ಅಷ್ಟು ಕಿರುಚುವುದು. ಸ್ವಿಚ್ಚಿನ ಟೋನ್ ಬದಿಯಲ್ಲಿ ಬ್ರಿಡ್ಜಿನ ಕಾಲನ್ನೂ ನಡುವಿನ ಕಾಲನ್ನೂ ಒಂದಿಂಚು ವೈರಿನಲ್ಲಿ ಸೇರಿಸಿಬಿಟ್ಟರೆ ಎರಡನೇ ಟೋನ್ ನಾಬು ಅದಕ್ಕೂ ಕೆಲಸ ಮಾಡುತ್ತದೆ.

ಹೊರಗಿನ ವಿದ್ಯುತ್ ಸದ್ದು ತಡೆಯಲೆಂದು ಗುಂಡಿಗೆಲ್ಲ ತಾಮ್ರದ ಟೇಪು ಅಂಟಿಸಿ, ತುಂಡುಗಳು ಕೂಡುವ ಕಡೆ ಒಂದೊಂದು ಚುಕ್ಕೆ ಬೆಸುಗೆ ಹಾಕಿ, ಅಲ್ಲಿಂದ ಒಂದು ವೈರು ಗ್ರೌಂಡಿಗೆ ಎಳೆದೆ. ಹಿಂದೆ ಸ್ಪ್ರಿಂಗ್ ಹಿಡಿದಿರುವ ಕೊಕ್ಕೆಪಟ್ಟಿಗೆ ಗ್ರೌಂಡ್ ವೈರು ಬೆಸೆಯುವುದು ಇಡೀ ದಿನದ ಅತಿ ಹಠಮಾರಿ ಜಾಯಿಂಟು. ದಪ್ಪ ಕಬ್ಬಿಣ, ಮೇಲೆ ಲೇಪ. ಬೆಳ್ಳಗಾಗುವ ತನಕ ಅರದಲ್ಲಿ ಉಜ್ಜಿದ ಮೇಲೇ ಹಿಡಿಯಿತು.

ತಂತಿ ಹಾಕುವ ಮೊದಲು ಆಂಪಿಗೆ (ಆಂಪ್ಲಿಫೈಯರಿಗೆ) ಸಿಕ್ಕಿಸಿ, ಸ್ಕ್ರೂಡ್ರೈವರಿನ ತುದಿಯಲ್ಲಿ ಪಿಕಪ್ಪುಗಳನ್ನು ಟಕ್ ಟಕ್ ಅಂತ ತಟ್ಟಿ ನೋಡಬೇಕು. ತಟ್ಟಿದೆ. ಒಂದು ಪಿಕಪ್ಪೂ ಉಸಿರೆತ್ತಲಿಲ್ಲ, ಗುಂಯ್ ಅನ್ನುವ ಸದ್ದು ಕೂಡ ಇಲ್ಲ. ಗುಂಯ್ ಕೂಡ ಇಲ್ಲದ ಮೌನ ಅಂದರೆ ವೈರು ಬಿಟ್ಟಿಲ್ಲ, ಶಾರ್ಟ್ ಆಗಿದೆ. ವೈರು ಬಿಟ್ಟಿದ್ದರೆ ಆಂಪು ಗುಂಯ್‌ಗುಡುತ್ತಿತ್ತು. ಕೇಬಲ್ ತೆಗೆದು ಜ್ಯಾಕಿನ ಕಾಲುಗಳಿಗೇ ಮೀಟರ್ ಹಿಡಿದರೆ ಸರಿಯಾಗಿ 5.87. ಕೇಬಲ್ ಹಾಕಿದ ಕೂಡಲೇ ಸೊನ್ನೆ. ತೆಗೆದರೆ ಮತ್ತೆ 5.87. ಪ್ಲಗ್ ಒಳಗೆ ಹೋದಾಗ ಜ್ಯಾಕಿನ ಟಿಪ್ ಹಿಡಿಯುವ ಬಾಗಿದ ಪಟ್ಟಿ ಎರಡು ಮೂರು ಮಿ.ಮೀ. ಹೊರಕ್ಕೆ ಸರಿಯುತ್ತದೆ, ಸರಿದು ನಾನೇ ಅಂಟಿಸಿದ ತಾಮ್ರದ ಟೇಪನ್ನು ಮುಟ್ಟುತ್ತಿತ್ತು. ಜ್ಯಾಕನ್ನು ಕಾಲು ಸುತ್ತು ತಿರುಗಿಸಿ, ಗುಂಡಿಯ ಆ ಬದಿಗೆ ಇನ್ಸುಲೇಷನ್ ಟೇಪು ಹಚ್ಚಿದ ಮೇಲೆ ಸದ್ದು ಬಂತು. ಗುಂಡಿಗೆ ಟೇಪು ಹಾಕುವವರೆಲ್ಲ ಒಮ್ಮೆಯಾದರೂ ಬೀಳುವ ಹಳ್ಳ ಇದು.

ತಂತಿ ಹಾಕಿ ನುಡಿಸಿದಾಗ ಒಂದು, ಮೂರು, ಐದನೇ ಸ್ಥಾನ ಚೆನ್ನಾಗಿದ್ದವು. ಎರಡು, ನಾಲ್ಕರಲ್ಲಿ ಮಾತ್ರ ಸದ್ದು ಸೊರಗಿ, ಮೂಗಿನಲ್ಲಿ ಮಾತಾಡಿದ ಹಾಗೆ. ಬೇರೆ ಬೇರೆ ಕಂಪನಿಯ ಪಿಕಪ್ ಬೆರೆಸಿದಾಗ ಹೀಗಾಗುವುದುಂಟು: ಫೇಸ್ ಉಲ್ಟಾ, ಅಂದರೆ ಒಂದರ ಸಿಗ್ನಲ್ ಏರುವಾಗ ಇನ್ನೊಂದರದು ಇಳಿಯುತ್ತದೆ. ಬೆಸೆಯುವ ಮೊದಲೇ ಇದನ್ನು ನೋಡಿಕೊಳ್ಳಬಹುದಿತ್ತು. ಪಿಕಪ್ಪಿಗೆ ಮೀಟರ್ ಹಚ್ಚಿ, ಸ್ಕ್ರೂಡ್ರೈವರನ್ನು ಪೋಲುಗಳ (ಪಿಕಪ್ಪಿನ ಮುಖದ ಲೋಹದ ಕಂಬಗಳ) ಮೇಲಿಟ್ಟು ಚಕ್ಕನೆ ಎತ್ತಿದರೆ ಅಂಕಿ ಕ್ಷಣಕಾಲ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ಮೂರೂ ಪಿಕಪ್ ಒಂದೇ ಕಡೆ ಜಿಗಿಯಬೇಕು. ಮುಳ್ಳಿನ ಮೀಟರಿನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅವಸರದಲ್ಲಿ ಬಿಟ್ಟಿದ್ದೆ.

ವೈರು ಅದಲು ಬದಲು ಮಾಡುವ ಮುನ್ನ ಇನ್ನೊಂದನ್ನು ನೋಡಬೇಕು, ಮ್ಯಾಗ್ನೆಟ್ಟಿನ ದಿಕ್ಕು. ಹೊಸ ಪಿಕಪ್ಪಿನ ಮುಖವನ್ನು ಹಳೆಯದರ ಮುಖಕ್ಕೆ ಹಿಡಿದರೆ ಸೆಳೆದುಕೊಂಡಿತು, ಅಂದರೆ ಧ್ರುವಗಳು ವಿರುದ್ಧ. ದೂಡಿದ್ದರೆ ಎರಡರ ಧ್ರುವವೂ ಒಂದೇ. ವಿರುದ್ಧ ಇದ್ದದ್ದು ಅದೃಷ್ಟ. ತಂತಿಯ ಸಿಗ್ನಲಿನ ದಿಕ್ಕನ್ನು ಮ್ಯಾಗ್ನೆಟ್ಟೂ ಸುತ್ತೂ ಎರಡೂ ಸೇರಿ ನಿರ್ಧರಿಸುತ್ತವೆ, ಗುಂಯ್ ಸದ್ದಿನ ದಿಕ್ಕನ್ನು ಸುತ್ತು ಮಾತ್ರ. ಹಾಗಾಗಿ ಹೊಸದರ ಎರಡು ವೈರು ಅದಲು ಬದಲು ಮಾಡಿದ ಕೂಡಲೇ ಸ್ವರಗಳು ಒಂದಾದವು, ಗುಂಯ್ ಒಂದಕ್ಕೊಂದು ಹೊಡೆದುಹೋಯಿತು. ಎರಡು ಮತ್ತು ನಾಲ್ಕನೇ ಸ್ಥಾನ ಹಂಬಕ್ಕರಿನಷ್ಟು ಶಾಂತ. ಟೆಲಿಕಾಸ್ಟರಿನ (ಫೆಂಡರಿನ ಇನ್ನೊಂದು ಮಾದರಿ) ನೆಕ್ ಪಿಕಪ್ಪಿನಲ್ಲಿ ಇದನ್ನು ಹಾಗೇ ಮಾಡಬಾರದು. ಅದರ ಲೋಹದ ಮುಚ್ಚಳ ಗ್ರೌಂಡ್ ವೈರಿಗೇ ಅಂಟಿರುತ್ತದೆ, ಮೊದಲು ಆ ಕೊಂಡಿ ಕತ್ತರಿಸಿ ಮುಚ್ಚಳಕ್ಕೆ ಬೇರೆ ವೈರು ಕೊಡಬೇಕು.

ಒಂದು, ಮೂರು, ಐದರಲ್ಲಿ ಸದ್ದು ಇನ್ನೂ ಇತ್ತು. ತಾಮ್ರದ ಟೇಪಿನಿಂದ ಎಲ್ಲ ಸದ್ದೂ ಹೋಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಟೇಪು ತಡೆಯುವುದು ಝುರ್ ಅನ್ನುವ ಚೂಪು ಸದ್ದನ್ನು. ಟ್ರಾನ್ಸ್‌ಫಾರ್ಮರ್, ಚೋಕಿನ ಟ್ಯೂಬ್‌ಲೈಟುಗಳ 50 ಹರ್ಟ್ಸಿನ ಕಾಂತಕ್ಷೇತ್ರಕ್ಕೆ ತೆಳು ತಾಮ್ರ ಲೆಕ್ಕಕ್ಕಿಲ್ಲ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಗ್ರೌಂಡಿಂಗ್ ಸರಿಯಿದೆ ಅಂತ, ಮುಟ್ಟಿದಾಗ ಜಾಸ್ತಿಯಾದರೆ ಜ್ಯಾಕಿನ ಎರಡು ವೈರು ತಿರುಗುಮುರುಗಾಗಿವೆ ಅಂತ. ಆವತ್ತು ಉಳಿದ ಸದ್ದಿನ ಮೂಲ ಗಿಟಾರಿನಲ್ಲಿ ಇರಲೇ ಇಲ್ಲ. ಮೆಟ್ಟಿಲಿಲ್ಲದೆ ಸರಾಗ ತಿರುಗುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್! ಅದನ್ನು ಫುಲ್‌ಗೆ ತಿರುಗಿಸಿದರೆ ಅಡಗಿತು, ಎರಡಕ್ಕೆ ಇಳಿಸಿದರೆ ಮತ್ತೆ ಶುರು.

ಸ್ಪ್ರಿಂಗುಗಳ ಮೂಲಕ ಬ್ರಿಡ್ಜೂ ತಂತಿಗಳೂ ಗ್ರೌಂಡ್ ಆಗಿವೆ ಅಂದರೆ ನುಡಿಸುವವರ ಕೈ ಆಂಪಿನ ಮೈಗೆ ಜೋಡಣೆಯಾಗಿದೆ ಅಂತಲೇ ಅರ್ಥ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಅರ್ಥ್ ವೈರು ಇರುವುದಿಲ್ಲ. ಫೇಸಿಗೂ ಅರ್ಥಿಗೂ ಸುಮಾರು 230 ವೋಲ್ಟು, ನ್ಯೂಟ್ರಲಿಗೂ ಅರ್ಥಿಗೂ ಒಂದೆರಡು ವೋಲ್ಟು ಬರಬೇಕು. ಅಂಕಿ ಅಲೆದಾಡುತ್ತಿದ್ದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವ ತನಕ ಆಂಪು ಮುಟ್ಟಬೇಡಿ. ಗುಂಯ್ ಹೋಗುತ್ತದೆಂದು ಅರ್ಥ್ ಪಿನ್ ಕತ್ತರಿಸುವವರನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಸೆಟಪ್ (ನೆಕ್ಕು, ತಂತಿಗಳ ಅಳತೆ ಸರಿಪಡಿಸುವುದು) ಸಂಜೆಯ ಕೆಲಸವಾಯಿತು. 9–42ರ ತಂತಿ (ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ), ಶ್ರುತಿ ಮಾಡಿಕೊಂಡ ಮೇಲೆಯೇ ಅಳತೆ. ಮೊದಲನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು), ಕೊನೆಯ ಫ್ರೆಟ್ಟಿನ ಹತ್ತಿರ ಬೆರಳು, ಏಳೆಂಟನೇ ಫ್ರೆಟ್ಟಿನ ಮೇಲೆ ಆರನೇ ತಂತಿಯ ಕೆಳಗೆ 0.25 ಮಿ.ಮೀ. ಸಂದು ಇರಬೇಕು. ಬೈಕ್ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಫೀಲರ್ ಗೇಜು ಇದಕ್ಕೆ ಹೇಳಿಮಾಡಿಸಿದ್ದು. 0.45 ಇತ್ತು. ನೆಕ್ಕಿನ ಬಾಗು ಸರಿಪಡಿಸುವ ಟ್ರಸ್ ರಾಡನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ಕಾಲು ಸುತ್ತು ಬಿಗಿ ಮಾಡಿ, ಶ್ರುತಿ ಸರಿಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆದರೆ 0.28. ಅಷ್ಟಕ್ಕೇ ಬಿಟ್ಟೆ. ಹದಿನೇಳನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ 1.6 ಮಿ.ಮೀ.

ಕೊನೆಗೆ ಇಂಟೊನೇಷನ್, ಅಂದರೆ ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವಂತೆ ಮಾಡುವುದು. ಹನ್ನೆರಡನೇ ಫ್ರೆಟ್ಟಿನ ಹಾರ್ಮೋನಿಕ್ಕಿಗಿಂತ ಒತ್ತಿ ಹಿಡಿದ ಸ್ವರ ಮೇಲಿದ್ದರೆ ಸ್ಯಾಡಲ್ಲನ್ನು (ಬ್ರಿಡ್ಜಿನಲ್ಲಿ ತಂತಿ ಕೂರುವ ಲೋಹದ ತುಂಡು) ಹಿಂದಕ್ಕೆ, ಕೆಳಗಿದ್ದರೆ ನೆಕ್ಕಿನ ಕಡೆಗೆ ಸರಿಸಬೇಕು. ಐದು ತಂತಿ ಸಲೀಸಾಗಿ ಕೂತವು. ಆರನೆಯದು ಮಾತ್ರ ಟ್ಯೂನರಿನಲ್ಲಿ ನಿಲ್ಲದೆ ಒದ್ದಾಡಿತು, ಒಂದೇ ತಂತಿಯಲ್ಲಿ ಎರಡು ಸ್ವರ ಕಚ್ಚಾಡುವ ಹಾಗೆ. ಸ್ಯಾಡಲ್ ಎಷ್ಟು ಓಡಿಸಿದರೂ ಇದು ಸರಿಹೋಗದು. ಹೊಸ ಪಿಕಪ್ಪಿನಲ್ಲಿ ಆಲ್ನಿಕೋ ಮಿಶ್ರಲೋಹದ ಕಂಬಗಳೇ ಮ್ಯಾಗ್ನೆಟ್, ತೀರ ಹತ್ತಿರವಿದ್ದು ತಂತಿಯನ್ನೇ ಎಳೆಯುತ್ತಿದ್ದವು. ಕೊನೇ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಯ ಕಡೆ 2 ಮಿ.ಮೀ., ಸಣ್ಣ ತಂತಿಯ ಕಡೆ 1.6 ಮಿ.ಮೀ. ಸಂದಿಗೆ ಪಿಕಪ್ ಇಳಿಸಿದ ಮೇಲೆ ಟ್ಯೂನರಿನ ಮುಳ್ಳು ನಿಂತಿತು.

ಮತ್ತೆ ಕೇಬಲ್ಲಿನ ತುದಿಗೆ ಮೀಟರ್ ಹಿಡಿದು ಓದಿದ್ದನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು, ಹಿಂಬದಿಯ ಸ್ಪ್ರಿಂಗ್ ಮುಚ್ಚಳದ ಒಳಗೆ ಅಂಟಿಸಿದೆ: 6.23, 3.06, 5.87, 2.91, 5.65. ವಾಲ್ಯೂಮ್ 268ಕೆ, ಕೆಪಾಸಿಟರ್ 223, ನಡುವಿನದು ವೈರ್ ಉಲ್ಟಾ.