ಬೀದರಿನ ಬರೀದ್‌ಶಾಹಿ ಉದ್ಯಾನಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ

ಬೀದರ್ ನೋಡಲು ಹೋಗುವವರ ಪಟ್ಟಿಯಲ್ಲಿ ಕೋಟೆ ಇರುತ್ತದೆ, ಮಹಮೂದ್ ಗವಾನನ ಮದರಸಾ ಇರುತ್ತದೆ, ನಾನಕ್ ಝೀರಾ ಗುರುದ್ವಾರ ಇರುತ್ತದೆ. ಬರೀದ್‌ಶಾಹಿ ಉದ್ಯಾನ ಇರುವುದು ಕಡಿಮೆ. ಇದ್ದರೂ ಊರು ಬಿಡುವಾಗ ಸ್ವಲ್ಪ ಇಳಿದು, ನಾಲ್ಕು ಫೋಟೊ ತೆಗೆದು ಹೊರಟುಬಿಡುತ್ತಾರೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಾಗೆ ಮಾಡಬೇಡಿ. ದಿನ ಶುರು ಮಾಡುವುದೇ ಇಲ್ಲಿಂದ ಆಗಲಿ. ಬೆಳಿಗ್ಗೆ ಬಂದು, ಊಟ ಮುಗಿಸಿ, ಆಮೇಲೆ ಕೋಟೆಗೆ ಹೋಗಿ.

ನಾವು ಹೋದದ್ದು ಕಲಬುರಗಿಯಿಂದ, ಕಾರಿನಲ್ಲಿ. ಕಮಲಾಪುರ, ಹುಮನಾಬಾದ್ ಮೇಲೆ ಸುಮಾರು 110 ಕಿ.ಮೀ. ಕಮಲಾಪುರ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ದಾರಿಯಲ್ಲೇ ಸಿಕ್ಕರೆ ಒಂದು ಡಜನ್ ತಗೊಳ್ಳಿ, ಮಕ್ಕಳಿಗೆ ತಿಂಡಿ ಆಯ್ತು. ಕಾರಿಲ್ಲದವರಿಗೆ 2017ರಿಂದ ಕಲಬುರಗಿ–ಬೀದರ್ ರೈಲು ಮಾರ್ಗವೂ ಇದೆ. ಬೆಂಗಳೂರಿನವರಿಗೆ ರಾತ್ರಿ ರೈಲು ಅನುಕೂಲ. ಹೈದರಾಬಾದಿನಿಂದ ಜಹೀರಾಬಾದ್ ಮೇಲೆ 140 ಕಿ.ಮೀ. ಆಸುಪಾಸು. ಉದ್ಯಾನ ಇರುವುದು ಉದಗೀರ್ ರಸ್ತೆಯಲ್ಲಿ. ಆಟೋದವರಿಗೆ ‘ಬರೀದ್‌ಶಾಹಿ ಗಾರ್ಡನ್’ ಎಂದರೆ ಸಾಕು.

ಒಳಗೆ ಹೋದರೆ ಹುಲ್ಲು, ಮರ, ನಡೆಯಲು ದಾರಿ, ಮಧ್ಯದಲ್ಲಿ ಬೀದರ್ ಆಳಿದ ಸುಲ್ತಾನ ಅಲಿ ಬರೀದ್ ಶಾಹನ ಗೋರಿ. ಬೆಳಿಗ್ಗೆ ವಾಕಿಂಗ್ ಬಂದ ಊರಿನವರು ಮನೆಗೆ ಹೋದ ಮೇಲೆ ಜನವೇ ಕಡಿಮೆ. ನಾವಿದ್ದಷ್ಟು ಹೊತ್ತೂ ಗದ್ದಲ ಇರಲಿಲ್ಲ. ಜಾರುಬಂಡಿ, ಗೊಂಬೆ ಎಂದು ಆಸೆಪಟ್ಟು ಬರುವ ಜಾಗ ಇದಲ್ಲ. ಓಡಾಡಲು ಬಯಲು ಸಾಕು ಎನ್ನುವ ಮಕ್ಕಳಿಗೆ ಇದೇ ಸ್ವರ್ಗ.

ಗೋರಿಯನ್ನು ಅವಸರ ಮಾಡದೆ ನೋಡಿ. ಎತ್ತರದ ಕಟ್ಟೆ, ಅದರ ಮೇಲೆ ನಾಲ್ಕು ದಿಕ್ಕಿಗೂ ಬಾಯ್ದೆರೆದ ದೊಡ್ಡ ಕಮಾನುಗಳು, ಮೇಲೆ ಗುಮ್ಮಟ. ಬೇರೆ ಸುಲ್ತಾನರ ಗೋರಿಗಳಲ್ಲಿ ಒಳಗೆ ಕಾಲಿಟ್ಟರೆ ಕತ್ತಲೆ. ಇಲ್ಲಿ ಕಮಾನಿಗೆ ಬಾಗಿಲೇ ಇಲ್ಲ. ಈ ಕಡೆಯ ಮರ ಆ ಕಡೆಯಿಂದ ಕಾಣುತ್ತದೆ, ಗಾಳಿ ಆರಪಾರ ಬೀಸುತ್ತದೆ. ಮಧ್ಯದಲ್ಲಿ ನುಣುಪಾದ ಕರಿಕಲ್ಲಿನ ಸಮಾಧಿ. ಅಲಿ ಬರೀದ್ ಇದನ್ನು ತಾನು ಬದುಕಿದ್ದಾಗಲೇ, 1577ರ ಹೊತ್ತಿಗೆ ಕಟ್ಟಿಸಿ ಮುಗಿಸಿದ. ತೀರಿಕೊಂಡದ್ದು 1580ರಲ್ಲಿ. ತಾನು ಮಲಗುವ ಜಾಗಕ್ಕೆ ಬೆಳಕು, ಗಾಳಿ ಬರಲಿ, ಸುತ್ತ ತೋಟ ಇರಲಿ ಎಂದು ಬಯಸಿದ ಮನುಷ್ಯ ಅಂತ ನನಗೆ ಅನಿಸಿತು. ಒಳಗೆ ಗೋಡೆಯ ಮೇಲ್ಭಾಗ ನೋಡಲು ಮರೆಯಬೇಡಿ. ಬಣ್ಣದ ಟೈಲ್ಸ್ ಕೆಲಸ ಇನ್ನೂ ಉಳಿದಿದೆ. ಅದರಲ್ಲಿ ಬರೆಸಿರುವುದು ಪರ್ಷಿಯನ್ ಕವಿ ಅತ್ತಾರನ ಸಾಲುಗಳು.

ಮಕ್ಕಳಿಗೆ ಕಥೆ ಹೇಳುವುದಾದರೆ ಇಷ್ಟು ಸಾಕು. ಬರೀದರು ಮೊದಲು ಬಹಮನಿ ಸುಲ್ತಾನರ ಮಂತ್ರಿಗಳು. ಆ ರಾಜ್ಯ ಒಡೆದು ಐದು ಹೋಳಾದಾಗ ಬೀದರ್ ಇವರ ಪಾಲಿಗೆ ಬಂತು. ಆ ಮನೆತನದಲ್ಲಿ ಶಾಹ ಎಂದು ಮೊದಲು ಕರೆದುಕೊಂಡವನು ಈ ಅಲಿ ಬರೀದ್. 1565ರಲ್ಲಿ ವಿಜಯನಗರದ ಮೇಲೆ ರಕ್ಕಸತಂಗಡಿಯಲ್ಲಿ ಹೋರಾಡಿದ ಸುಲ್ತಾನರಲ್ಲಿ ಇವನೂ ಒಬ್ಬ. ಹಂಪಿ ನೋಡಿದ ಮಕ್ಕಳಿದ್ದರೆ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ನಮ್ಮ ದೊಡ್ಡ ಮಗಳು ಕೇಳಿದ್ದೇ ಕೇಳಿದ್ದು. ಇವನ ಮಗ ಇಬ್ರಾಹಿಂ ಬರೀದನ ಗೋರಿಯೂ ಹತ್ತಿರದಲ್ಲೇ ಇದೆ. ಅಪ್ಪನದರಂತೆಯೇ, ಆದರೆ ಚಿಕ್ಕದು.

ಈಗ ಬುತ್ತಿ ವಿಷಯ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು ತಂದರೆ ಮಧ್ಯಾಹ್ನದವರೆಗೆ ಏನೂ ಕೆಡುವುದಿಲ್ಲ. ನೀರು ಜಾಸ್ತಿ ತನ್ನಿ. ಜಮಖಾನ ಬೇಕೇ ಬೇಕು, ಬೀದರಿನ ಕೆಂಪು ಮಣ್ಣು ಬಿಳಿ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ. ಎಲ್ಲಿ ಕೂತು ತಿನ್ನಬಹುದು ಅಂತ ಗೇಟಿನಲ್ಲಿ ಮೊದಲೇ ಕೇಳಿಬಿಡಿ. ಗೋರಿಯ ಕಟ್ಟೆಯ ಮೇಲೆ ಮಾತ್ರ ಊಟಕ್ಕೆ ಕೂರಬೇಡಿ. ನೆರಳು ತಂಪಾಗಿದೆ ನಿಜ, ಆದರೆ ಅದು ಒಬ್ಬರ ಸಮಾಧಿ, ಅಲ್ವಾ? ಎಣ್ಣೆಯ ಕಲೆ ಕಲ್ಲಿನಿಂದ ಹೋಗುವುದೂ ಇಲ್ಲ. ಎಲೆ, ತಟ್ಟೆ, ಬಾಟಲಿ ಎಲ್ಲ ಒಂದು ಚೀಲಕ್ಕೆ ಹಾಕಿ ವಾಪಸ್ ಒಯ್ಯಿರಿ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯ ಒಳಗೆ. ಏಪ್ರಿಲ್, ಮೇ ಬಿಸಿಲಲ್ಲಿ ಹಿರಿಯರನ್ನು ಕರೆದುಕೊಂಡು ಬರಬೇಡಿ. ಎಳ್ಳಮಾವಾಸ್ಯೆ ದಿನ ಶಾಂತಿ ಹುಡುಕಿ ಬರಬೇಡಿ. ಅಂದು ಬೀದರ್, ಕಲಬುರಗಿ ಕಡೆ ಮನೆಮಂದಿಯೆಲ್ಲ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಹೊಲ ಇಲ್ಲದ ಊರಿನವರು ಉದ್ಯಾನಗಳಿಗೆ ಬರುತ್ತಾರೆ. ಆ ಸಂಭ್ರಮವೇ ಬೇಕಿದ್ದರೆ ಅದೇ ದಿನ ಬನ್ನಿ, ತಿನ್ನಿಸದೆ ಯಾರೂ ಬಿಡುವುದಿಲ್ಲ.

ಊಟ ಆದ ಮೇಲೆ ಕೋಟೆ. ಕೋಟೆ ದೊಡ್ಡದು, ಎಲ್ಲ ನೋಡಲು ಹೋದರೆ ಮಕ್ಕಳು ಸುಸ್ತಾಗುತ್ತಾರೆ. ರಂಗೀನ್ ಮಹಲ್ ಒಂದನ್ನು ಆರಿಸಿಕೊಳ್ಳಿ. ಅದಕ್ಕೆ ಇವತ್ತು ಕಾಣುವ ಚೆಲುವು ಕೊಟ್ಟವನೂ ಇದೇ ಅಲಿ ಬರೀದ್. ಕೆತ್ತಿದ ಮರದ ಕಂಬಗಳು, ಕರಿಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು. ಬೆಳಿಗ್ಗೆ ಅವನ ಗೋರಿ ನೋಡಿ ಬಂದವರಿಗೆ ಇದು ಪರಿಚಯದವರ ಮನೆಗೆ ಬಂದ ಹಾಗೆ. ಉದ್ಯಾನ ಮೊದಲು, ಕೋಟೆ ಆಮೇಲೆ ಎಂದದ್ದು ಇದಕ್ಕೇ. ಮಹಲಿಗೆ ಬೀಗ ಹಾಕಿರುವುದುಂಟು. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಅಷ್ಟೂರಿನ ಬಹಮನಿ ಗೋರಿಗಳನ್ನು ಅದೇ ದಿನ ತುರುಕಬೇಡಿ. ಊರಿನ ಇನ್ನೊಂದು ಕಡೆ ಇದೆ, ಅದಕ್ಕೇ ಒಂದು ಬೆಳಿಗ್ಗೆ ಬೇಕು. ಅಹಮದ್ ಶಾಹ ವಲಿಯ ಗೋರಿಯ ಒಳಗಿನ ಬಣ್ಣದ ಚಿತ್ರ ನೋಡಲು ಟಾರ್ಚ್ ಇಟ್ಟುಕೊಳ್ಳಿ. ಹೋಳಿಯ ಆಸುಪಾಸಿನಲ್ಲಿ ಹೋದರೆ ಅಲ್ಲಿಯ ಉರುಸ್ ಸಿಗಬಹುದು. ಅದನ್ನು ನಡೆಸಿಕೊಡಲು ನಮ್ಮ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ.