ಏಜಿನಾದಲ್ಲಿ ಹತ್ತು ದಿನ: ಬೇಸಿಗೆ ಮುಗಿಯುವ ಹೊತ್ತಿನ ಗ್ರೀಸ್ ಕಡಲತೀರ

ಗ್ರೀಸ್‌ಗೆ ಹೊರಟಿದ್ದೇವೆ ಅಂದ ತಕ್ಷಣ ಗೊತ್ತಿದ್ದವರೆಲ್ಲ ಸ್ಯಾಂಟೊರಿನಿ, ಮಿಕೊನೊಸ್ ಅಂತ ಪಟ್ಟಿ ಕೊಟ್ಟರು. ನಾವು ಅದ್ಯಾವುದಕ್ಕೂ ಹೋಗಲಿಲ್ಲ. ಅಥೆನ್ಸ್ ಪಕ್ಕದ ಏಜಿನಾ ಅನ್ನೋ ಸಣ್ಣ ದ್ವೀಪದಲ್ಲಿ ಅಡುಗೆಮನೆ ಇರುವ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದು, ಹತ್ತು ದಿನ ಅಲ್ಲೇ ಇದ್ದೆವು. ಸೆಪ್ಟೆಂಬರ್ ಮೊದಲ ವಾರದಲ್ಲಿ ಹೋಗಿದ್ದು. ನೀವೂ ಹೋಗುವ ಯೋಚನೆಯಲ್ಲಿದ್ದರೆ ನನ್ನದು ಒಂದೇ ಮಾತು: ಒಂದೇ ಊರಲ್ಲಿ ಇರಿ. ದಿನಾ ಪೆಟ್ಟಿಗೆ ಕಟ್ಟಿಕೊಂಡು ಹಡಗು ಹತ್ತಿದರೆ ಈ ಕಡಲತೀರದ ಸುಖ ಕೈಗೆ ಸಿಗುವುದಿಲ್ಲ.

ಸೆಪ್ಟೆಂಬರ್ ಯಾಕೆ ಅಂದರೆ, ಇಡೀ ಬೇಸಿಗೆ ಬಿಸಿಲು ಕುಡಿದ ಸಮುದ್ರ ಆಗ ಬೆಚ್ಚಗಿರುತ್ತದೆ. ನೀರು ಸುಮಾರು 25 ಡಿಗ್ರಿ. ಆಗಸ್ಟ್ 15 ಅಲ್ಲಿ ಮರಿಯಮ್ಮನವರ ದೊಡ್ಡ ಹಬ್ಬ. ಆ ಆಸುಪಾಸಿನಲ್ಲಿ ಇಡೀ ಅಥೆನ್ಸ್ ದ್ವೀಪಗಳಲ್ಲೇ ಇರುತ್ತದೆ, ಮನೆ ಬಾಡಿಗೆಯೂ ಜಾಸ್ತಿ. ಸೆಪ್ಟೆಂಬರ್ ಬಂತು ಅಂದರೆ ಜನ ಊರಿಗೆ ಮರಳುತ್ತಾರೆ. ಬಿಸಿಲು ಮಾತ್ರ ಇನ್ನೂ ಇರುತ್ತದೆ.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು, ಶುಲ್ಕ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಸೆಪ್ಟೆಂಬರ್‌ಗೆ ಹೋಗುವವರು ಮೇ ಹೊತ್ತಿಗೇ ಅಪಾಯಿಂಟ್‌ಮೆಂಟ್ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ಅದು ಸಿಗುವುದೇ ಕಷ್ಟ. ಮನೆ ಹಿಡಿಯುವಾಗ ಬಾಡಿಗೆಯ ಮೇಲೆ ಸರ್ಕಾರದ ದಿನದ ತೆರಿಗೆ ಎಷ್ಟು ಅಂತಲೂ ಕೇಳಿಕೊಳ್ಳಿ. ಬೇಸಿಗೆ ತಿಂಗಳುಗಳಲ್ಲಿ ಅದು ಜಾಸ್ತಿ, ಎಷ್ಟೋ ಸಲ ಅಲ್ಲಿಗೆ ಹೋದ ಮೇಲೆ ಕೇಳುತ್ತಾರೆ.

ಅಥೆನ್ಸ್ ವಿಮಾನ ನಿಲ್ದಾಣದಿಂದ ಪಿರೇಯಸ್ ಬಂದರಿಗೆ ನೇರ ಮೆಟ್ರೊ ಇದೆ. ಎಕ್ಸ್96 ಬಸ್ಸೂ ಇದೆ, ಅದು ಹಗಲು ರಾತ್ರಿ ಓಡುತ್ತದೆ, ಮೆಟ್ರೊಗಿಂತ ಅಗ್ಗ. ಬಂದರು ದೊಡ್ಡದು, ಗೇಟುಗಳೂ ಬಹಳ. ಏಜಿನಾ ಹಡಗು ಹೊರಡುವುದು ಇ8 ಗೇಟಿನಿಂದ. ಮೆಟ್ರೊದಿಂದ ಇಳಿದು ನಡೆದೇ ಹೋಗಬಹುದು. ವೇಗದ ದೋಣಿ 40 ನಿಮಿಷಕ್ಕೆ ತಲುಪಿಸುತ್ತದೆ, ಆದರೆ ಅದರಲ್ಲಿ ಒಳಗೇ ಕೂತಿರಬೇಕು. ಕಾರು, ಲಾರಿಗಳನ್ನೂ ಹೊತ್ತೊಯ್ಯುವ ದೊಡ್ಡ ಫೆರಿ ಹತ್ತಿ. ಅದಕ್ಕೆ ಒಂದೂಕಾಲು ಗಂಟೆ ಬೇಕು, ದುಡ್ಡು ಕಡಿಮೆ. ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಮುಖ ಕೊಟ್ಟು ಕೂತರೆ ಪ್ರಯಾಣದ ಸುಸ್ತೆಲ್ಲ ಅಲ್ಲೇ ಇಳಿಯುತ್ತದೆ.

ಬಂದರಿಗೆ ಬರುವಾಗ ಮೊದಲು ಕಾಣುವುದು ಕಟ್ಟೆಯ ತುದಿಯಲ್ಲಿರುವ ಸೇಂಟ್ ನಿಕೋಲಸರ ಪುಟ್ಟ ಬಿಳಿ ಗುಡಿ. ದಡದಲ್ಲಿ ತರಕಾರಿ ದೋಣಿ ಕಟ್ಟಿ ನಿಂತಿರುತ್ತದೆ. ದೋಣಿಯೇ ಅಂಗಡಿ. ಟೊಮೆಟೊ, ಬದನೆ, ದ್ರಾಕ್ಷಿ, ಅಂಜೂರ ಎಲ್ಲ ಬುಟ್ಟಿಗಳಲ್ಲಿ. ನಮ್ಮ ಹತ್ತು ದಿನದ ಸಂತೆ ಅಲ್ಲೇ ಆಯಿತು. ಅಂಜೂರ ಮಾತ್ರ ಅವತ್ತವತ್ತಿಗೆ ಎಷ್ಟು ಬೇಕೋ ಅಷ್ಟೇ ತಗೊಳ್ಳಿ, ಮರುದಿನಕ್ಕೆ ಮೆತ್ತಗಾಗಿಬಿಡುತ್ತದೆ.

ಈಗ ನನಗೆ ಬಹಳ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಏಜಿನಾ ಅಂದರೆ ಪಿಸ್ತಾ. ಅವರು ಅದನ್ನು 'ಫಿಸ್ತೀಕಿ' ಅನ್ನುತ್ತಾರೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಅಂದರೆ ಕೊಯ್ಲಿನ ಕಾಲ. ನಮ್ಮ ಮನೆಯ ಹಿಂದೆಯೇ ತೋಟ. ಬೆಳಗ್ಗೆ ಏಳಕ್ಕೆಲ್ಲ ಟಪ್ ಟಪ್ ಅಂತ ಸದ್ದು. ಮರದ ಕೆಳಗೆ ಬಟ್ಟೆ ಹಾಸಿ, ಉದ್ದ ಕೋಲಿನಿಂದ ಕೊಂಬೆಗೆ ಬಡಿಯುತ್ತಾರೆ. ಬಿದ್ದ ಕಾಯಿ ನಾವು ಅಂಗಡಿಯಲ್ಲಿ ನೋಡುವ ಪಿಸ್ತಾ ತರ ಇರುವುದೇ ಇಲ್ಲ. ಹೊರಗೆ ಕೆಂಪು ಬೆರೆತ ಹಳದಿ ಬಣ್ಣದ ಮೆತ್ತನೆ ಸಿಪ್ಪೆ. ಉಗುರು ಊರಿದರೆ ಜಾರಿ ಬರುತ್ತದೆ, ಬೆರಳಿಗೆ ಸ್ವಲ್ಪ ಅಂಟು. ಒಳಗೆ ಗಟ್ಟಿ ಚಿಪ್ಪು, ಅದು ಮರದಲ್ಲಿದ್ದಾಗಲೇ ಬಾಯಿ ಬಿಟ್ಟಿರುತ್ತದೆ. ತಿರುಳು ಹಸಿರು, ಸ್ವಲ್ಪ ನೀರುನೀರು, ಎಳೆ ಕಾಯಿಯ ಸಿಹಿ. ಹುರಿದ ಪಿಸ್ತಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸಿತು.

ಸಿಪ್ಪೆ ತೆಗೆದ ಮೇಲೆ ಬಿಸಿಲಲ್ಲಿ ಹರವುತ್ತಾರೆ. ನಾನು ಹುಟ್ಟಿ ಬೆಳೆದದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಏಜಿನಾದ ನಮ್ಮ ಬಾಡಿಗೆ ಮನೆಯ ಓನರ್ ಅಜ್ಜಿ ಸಂಜೆ ಕೈಯಾಡಿಸಿ ಪಿಸ್ತಾ ಮಗುಚುತ್ತಿದ್ದರೆ ನಮ್ಮನೆಯವರು, "ನೋಡು, ನಿಮ್ಮ ಅಂಗಳದಲ್ಲಿ ಅಡಿಕೆ ಹರವಿದ ಹಾಗೇ ಇದೆ" ಅಂದರು. ನಾನು ಹೋಗಿ ಅಜ್ಜಿಯ ಪಕ್ಕ ಕೂತೆ. ಭಾಷೆ ಬರದಿದ್ದರೂ ಆ ಕೆಲಸ ನನ್ನ ಕೈಗೆ ಗೊತ್ತಿತ್ತು.

ಅಲ್ಲಿ ದಿನ ನಡೆಯುವ ರೀತಿಗೆ ನೀವೂ ಹೊಂದಿಕೊಳ್ಳಿ. ಬೆಳಗ್ಗೆ ಎಂಟಕ್ಕೆ ಮೊದಲು ಸಮುದ್ರ ಕನ್ನಡಿಯ ಹಾಗೆ ಇರುತ್ತದೆ, ಈಜಲು ಅದೇ ಒಳ್ಳೆಯ ಹೊತ್ತು. ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಊರು ಮಲಗುತ್ತದೆ. ಆಗ ಜೋರಾಗಿ ಮಾತಾಡುವುದು, ಹಾಡು ಹಾಕುವುದು ಬೇಡ. ಬಹಳಷ್ಟು ಅಂಗಡಿಯೂ ಮುಚ್ಚಿರುತ್ತದೆ. ಸಂಜೆ ಎಲ್ಲರೂ ಬಂದರಿನ ಉದ್ದಕ್ಕೂ ಸುಮ್ನೆ ನಡೆಯುತ್ತಾರೆ. ಅಜ್ಜಂದಿರು, ಮಕ್ಕಳು, ತಳ್ಳುಗಾಡಿಯಲ್ಲಿ ಕೂಸುಗಳು. ಏಳೂಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದನ್ನು ನೋಡಲು ಕೊಲೋನಾ ದಿಬ್ಬದ ಕಡೆ ಹೋಗಿ. ಅಪೊಲೊ ಗುಡಿಯ ಒಂದೇ ಒಂದು ಕಂಬ ಅಲ್ಲಿ ಉಳಿದಿದೆ. ಅದರ ಬುಡದಲ್ಲೇ ಸಣ್ಣ ಬೀಚೂ ಇದೆ.

ನಮ್ಮಂಥ ಸಸ್ಯಾಹಾರಿಗಳಿಗೆ ಊಟದ ಭಯ ಬೇಡ. ಹೋಟೆಲಿನಲ್ಲಿ 'ಲಾದೆರಾ' ಇದೆಯಾ ಅಂತ ಕೇಳಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಅಡುಗೆಗೆ ಆ ಹೆಸರು. ಬೀನ್ಸ್ ಪಲ್ಯದಂಥ 'ಫಸೊಲಾಕಿಯಾ', ದೊಡ್ಡ ಬಿಳಿ ಅವರೆಯಂಥ ಕಾಳಿನ 'ಯೀಗಾಂದೆಸ್', ಅನ್ನ ತುಂಬಿದ ಟೊಮೆಟೊ 'ಯೆಮಿಸ್ತಾ'. ಕೊನೆಯದಕ್ಕೆ ಕೆಲವರು ಕೊಚ್ಚಿದ ಮಾಂಸವನ್ನೂ ಸೇರಿಸುತ್ತಾರೆ, ಕೇಳಿಯೇ ತಗೊಳ್ಳಿ. ಅಲ್ಲಿನ ಮೊಸರು ಕತ್ತರಿಸುವಷ್ಟು ಗಟ್ಟಿ, ಹುಳಿ ಕಡಿಮೆ. ಸ್ವಲ್ಪ ಹಾಲು ಬೆರೆಸಿ ಮೊಸರನ್ನ ಮಾಡಿದೆ, ತುಂಬಾ ಚೆನ್ನಾಗಿ ಆಯಿತು. ಸಾಸಿವೆ, ಇಂಗು ಮನೆಯಿಂದ ಒಯ್ಯಿರಿ. ಉಪ್ಪಿನಕಾಯಿ ಒಯ್ಯುವ ಅಗತ್ಯ ಬರಲಿಲ್ಲ. ಅಲ್ಲಿ ಆಲಿವ್ ಕಾಯಿಯೇ ಇದೆಯಲ್ವಾ.

ಒಂದು ಎಚ್ಚರಿಕೆ. ಬಂಡೆ ಇರುವ ಕಡೆ ಬರಿಗಾಲಲ್ಲಿ ನೀರಿಗೆ ಇಳಿಯಬೇಡಿ. ಮರಥೋನಾಸ್ ಹತ್ತಿರದ ಒಂದು ಬಂಡೆಯಿಂದ ಇಳಿಯುವಾಗ ನಾನು ಕಡಲಮುಳ್ಳಿನ ಪ್ರಾಣಿಯ ಮೇಲೆ ಕಾಲಿಟ್ಟೆ. ಕಪ್ಪು ಚೆಂಡಿನ ಹಾಗೆ, ಮೈತುಂಬ ಸೂಜಿ. ಐದಾರು ಮುಳ್ಳು ಹಿಮ್ಮಡಿಯಲ್ಲಿ ಮುರಿದವು. ಅಜ್ಜಿ ಆಲಿವ್ ಎಣ್ಣೆ ಹಚ್ಚಿ, ಕನ್ನಡಕ ಏರಿಸಿಕೊಂಡು, ಒಂದೊಂದಾಗಿ ಸೂಜಿಯಿಂದ ತೆಗೆದರು. ಎರಡು ದಿನ ಕುಂಟಿದೆ. ರಬ್ಬರಿನ ಈಜು ಚಪ್ಪಲಿ ಬೀಚ್ ಅಂಗಡಿಗಳಲ್ಲೇ ಸಿಗುತ್ತದೆ, ಮೊದಲ ದಿನವೇ ಕೊಳ್ಳಿ.

ಊರು ಸುತ್ತಲು ಎರಡು ದಿನ ಸಾಕು. ಆಫಾಯಾ ದೇವಿಯ ಗುಡಿಗೆ ಬಸ್ಸಿದೆ. ಸುಮಾರು 2,500 ವರ್ಷ ಹಳೆಯದು, ಪೈನ್ ಮರಗಳ ಗುಡ್ಡದ ಮೇಲೆ ಕಂಬಗಳು ಇನ್ನೂ ಗಟ್ಟಿಯಾಗಿ ನಿಂತಿವೆ. ಬೆಳಗ್ಗೆಯೇ ಹೋಗಿ, ನೆರಳು ಕಡಿಮೆ. ಇನ್ನೊಂದು ದಿನ ಬಸ್ಸಲ್ಲಿ ಪೆರ್ದಿಕಾಗೆ ಹೋಗಿ, ಅಲ್ಲಿಂದ ದೋಣಿ ಹಿಡಿದು ಎದುರಿನ ಮೋನಿ ದ್ವೀಪಕ್ಕೆ. ಅಲ್ಲಿ ಜನ ವಾಸವಿಲ್ಲ, ನವಿಲುಗಳು ನಮ್ಮ ಊಟದ ಬುಟ್ಟಿಯ ಹತ್ತಿರಕ್ಕೇ ಬರುತ್ತವೆ.

ಸೆಪ್ಟೆಂಬರ್ ಶುರುವಾದ ಮೇಲೆ ಅಲ್ಲಿ ಜನ ಒಬ್ಬರಿಗೊಬ್ಬರು 'ಕಲೋ ಹಿಮೋನಾ' ಅನ್ನುತ್ತಾರೆ. ಚಳಿಗಾಲ ಚೆನ್ನಾಗಿರಲಿ ಅಂತ ಅರ್ಥ. ಹೊರಗೆ 30 ಡಿಗ್ರಿ ಬಿಸಿಲಿರುವಾಗ ಮೊದಲ ಸಲ ಕೇಳಿ ಆಶ್ಚರ್ಯವಾಯಿತು. ಆಮೇಲೆ ನಾವೂ ಹೇಳತೊಡಗಿದೆವು. ಅಂಗಡಿಯವರ ಮುಖ ಅರಳುತ್ತಿತ್ತು.

ವಾಪಸ್ ಬರುವ ದಿನ ಭಾನುವಾರ ಸಂಜೆ ಆಗದ ಹಾಗೆ ನೋಡಿಕೊಳ್ಳಿ, ವಾರಾಂತ್ಯಕ್ಕೆ ಬಂದವರೆಲ್ಲ ಅದೇ ಹಡಗಿಗೆ ಮುಗಿಬೀಳುತ್ತಾರೆ. ಪಿಸ್ತಾ ಕೊಳ್ಳುವುದಾದರೆ ಬಂದರಿನ ಅಂಗಡಿಗಳಲ್ಲಿ ಈ ವರ್ಷದ ಬೆಳೆ ಅಂತ ಕೇಳಿ ಕೊಳ್ಳಿ. ಉಪ್ಪು ಹಾಕದ್ದು ಬೇಕಿದ್ದರೆ 'ಅನಾಲಾತೊ' ಅನ್ನಿ. ನಾವು ಎರಡು ಕಿಲೋ ತಂದೆವು. ಅರ್ಧ ಕಿಲೋ ಶಿರಸಿಗೆ ಹೋಯಿತು, ಉಳಿದದ್ದು ದೀಪಾವಳಿಯವರೆಗೂ ಉಳಿಯಲಿಲ್ಲ.